ಮಂಠಾಳದ ಮಗಳು

ಅವ್ವ ತೀರಿಕೊಂಡ ಸುದ್ದಿ ಬಂದಾಗ ನಾನು ಹುಮನಾಬಾದಿನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ತವರೂರು ಬಸವಕಲ್ಯಾಣ ಮುಟ್ಟುವಷ್ಟರಲ್ಲಿ ಓಣಿ ತುಂಬಿತ್ತು. ನಡುಮನೆಯಲ್ಲಿ ಅವಳನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದಿದ್ದರು. ಭಜನೆ ನಡೆದಿತ್ತು. ಅವಳ ಪಕ್ಕದಲ್ಲಿ, ನಾನು ಕೂರಬೇಕಾದ ಜಾಗದಲ್ಲಿ, ಗುರುತಿಲ್ಲದ ಹೆಂಗಸೊಬ್ಬಳು ಅವಳ ಕೈ ಹಿಡಿದು ಕುಳಿತಿದ್ದಳು.

“ಜರಾ ಸರೀರಿ, ನಾ ಮಗಳಿದ್ದೀನಿ.”

ಅವಳು ಸರಿದಳು, ಕೈ ಮಾತ್ರ ಬಿಡಲಿಲ್ಲ. “ನಾನೂ ಮಗಳೇ ಇದ್ದೀನ್ರಿ. ಮಂಠಾಳದಾಕಿ.”

ಅವ್ವನಿಗೆ ಇಂಥ ಹೆಣ್ಣುಮಕ್ಕಳು ಊರೂರಿಗೆ ಇದ್ದರು. ಬಾಣಂತಿಯರಿಗೆ, ಹಸುಗೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆಯುವುದು ಅವಳ ಕೆಲಸ. ಯಾರ ಮನೆ ಎಂದು ಕೇಳದೆ ಹೊರಡುತ್ತಿದ್ದಳು. ಅವಳ ಸೆರಗಿನಲ್ಲಿ ಯಾವಾಗಲೂ ಬೇರೆಯವರ ಕೂಸಿನ ಲೋಬಾನದ ವಾಸನೆ. ಬೆಳಿಗ್ಗೆ ಅವಳು ತಿರುಗಿ ಬರುವಷ್ಟರಲ್ಲಿ ನಾನು ನನ್ನ ಜಡೆ ನಾನೇ ಹಾಕಿಕೊಂಡು ಶಾಲೆಗೆ ಹೋಗಿರುತ್ತಿದ್ದೆ. ಆ ಕೂಸುಗಳನ್ನು ಕಂಡರೆ ಚಿವುಟಬೇಕೆನಿಸುತ್ತಿತ್ತು. ಒಮ್ಮೆ ಪಕ್ಕದ ಮನೆಯ ಕೂಸನ್ನು ಚಿವುಟಿಯೂ ಬಿಟ್ಟಿದ್ದೆ.

ಮೂರನೆಯ ದಿನ ಮಂಠಾಳದವಳು ಬುತ್ತಿ ಕಟ್ಟಿಕೊಂಡು ಮತ್ತೆ ಬಂದಳು. ನನಗೆ ಬಡಿಸುತ್ತ ತಾನಾಗಿಯೇ ಹೇಳತೊಡಗಿದಳು.

“ಮೂರನೇದೂ ಹೆಣ್ಣಾಯ್ತಂತ ನಮ್ಮತ್ತಿ ಕೂಸಿನ ಮಾರಿ ನೋಡ್ಲಿಲ್ಲರಿ. ಪಂಚಮಿ ಮುಂದ ಇತ್ತು. ಅವ್ವ ಬಂದಾಕಿ ಹನ್ನೊಂದು ದಿನ ನಮ್ಮನ್ಯಾಗೇ ಉಳಿದಳು. ‘ನನ್ನ ಮಗಳೂ ಹಡದಾಳ, ಆದ್ರ ಅಕೀಗಿ ಅತ್ತಿ ಛಲೋ ಅದಾಳ. ನಿಂಗ ಯಾರಿದ್ದಾರ?’ ಅಂದಳು.”

ನನ್ನ ಎರಡನೆಯ ಮಗ ಹುಟ್ಟಿದ್ದು ಆ ಪಂಚಮಿಯ ಹೊತ್ತಿಗೇ. ‘ಜ್ವರ ಬಂದಾವ, ಏಳಾಕ ಆಗವಲ್ದು’ ಎಂದು ಅವ್ವ ಹೇಳಿಕಳಿಸಿದ್ದಳು. ನಾನು ಹಸಿಮೈಯಲ್ಲಿ ಮಲಗಿ ಅವಳ ಜ್ವರ ಇಳಿಯಲೆಂದು ದೇವರಿಗೆ ಹರಕೆ ಹೊತ್ತಿದ್ದೆ. ಹನ್ನೆರಡನೆಯ ದಿನ ಬಂದವಳ ಕೈ ಬಿಸಿಯಾಗಿರಲಿಲ್ಲ, ಎಣ್ಣೆಯಿಂದ ಮೆತ್ತಗಾಗಿತ್ತು. ಆಗ ನನಗೆ ತಿಳಿಯಲಿಲ್ಲ.

ಸುಳ್ಳಿಗಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಈ ಹೆಂಗಸು ನನ್ನ ಅವ್ವನನ್ನು ‘ಬಂದಳು, ಅಂದಳು’ ಎನ್ನುತ್ತಿದ್ದಳು. ಉಳಿದವರೆಲ್ಲ ‘ಬಂದರು’ ಎನ್ನುವಾಗ ನನಗೊಬ್ಬಳಿಗೇ ಇದ್ದ ಏಕವಚನ ಅದು.

ಹೊರಡುವಾಗ ಕೇಳಿದಳು: “ಅವ್ವನ ಒಂದು ಸೀರಿ ಕೊಡ್ತೀರೇನ್ರಿ?”

ನಾನು ಒಳಗೆ ಹೋಗಿ, ಅವ್ವ ಮಡಿಕೆ ಸಹ ಬಿಚ್ಚದ ಹೊಸ ಸೀರೆ ತಂದುಕೊಟ್ಟೆ. ನೋಡುವವರಿಗೆ ದೊಡ್ಡ ಮನಸ್ಸು. ಅವಳು ಅದನ್ನು ಮೂಗಿಗೆ ಹಿಡಿದಳು, ಮೆಲ್ಲಗೆ ನನ್ನ ಕೈಗೇ ತಿರುಗಿ ಕೊಟ್ಟಳು.

“ಇದು ಆಕಿ ಉಟ್ಟಿಲ್ಲ. ಇರ್ಲಿ ಬಿಡ್ರಿ, ನಿಮಗೂ ಬೇಕಲ್ಲ.”

ಕೋಪವಿಲ್ಲದೆ ಅಂದಳು. ಅದಕ್ಕೇ ನನಗೆ ನಾಚಿಕೆಯಾಯಿತು. ಅವಳು ಹೊಸ್ತಿಲು ದಾಟಿದ ಮೇಲೆ ಪೆಟ್ಟಿಗೆ ತೆರೆದು, ಅಂಚು ಹರಿದ ಹಸಿರು ಸೀರೆಯನ್ನು ತೆಗೆದುಕೊಂಡು ಓಣಿಯ ತುದಿಯವರೆಗೆ ಓಡಿದೆ. ಅವಳು ತೆಗೆದುಕೊಂಡು ಎದೆಗೊತ್ತಿಕೊಂಡಳು. ಇಬ್ಬರೂ ಅತ್ತೆವು.

ಒಳ್ಳೆಯದನ್ನು ಮಾಡಿದೆನೆಂದು ಗೊತ್ತಿತ್ತು. ಆದರೂ ಸಂಜೆಯ ಬಸ್ಸಿನಲ್ಲಿ, ಹುಮನಾಬಾದ್ ಮುಟ್ಟುವ ತನಕ, ಆ ಹಸಿರು ಸೀರೆ ಕೊಡಬಾರದಿತ್ತು ಎಂದೇ ಹೊಟ್ಟೆ ಉರಿಯುತ್ತಿತ್ತು.