ಹಸಿರು ಹಚ್ಚದ ತಾಕು

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಮರಗಳ ಹೊಸ ಸಾಲು ಅಳೆಯಲು ಶುರು ಮಾಡುವಾಗಲೆಲ್ಲ ಮೇಡಂ ನನ್ನನ್ನು ಹೊತ್ತು ಕೇಳುತ್ತಿದ್ದರು, ನಾನು ಕೈಗಡಿಯಾರ ನೋಡಿ ಹೇಳುತ್ತಿದ್ದೆ. ಅವತ್ತು "ಎರಡೂ ಹತ್ತು" ಎಂದು ಹೇಳಿ ತಲೆ ಎತ್ತುವಷ್ಟರಲ್ಲಿ ತರಗೆಲೆ ಸುಡುವ ವಾಸನೆ ಬಂತು.

ಮೊನ್ನೆ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಗುಡಿಸಿ ಒಟ್ಟಿದ ಎಲೆರಾಶಿಗೆ ಯಾರೋ ಬೆಂಕಿ ಇಟ್ಟರು. ಅದೇ ವಾಸನೆ. ಕಾಫಿ ಲೋಟ ಕೆಳಗಿಟ್ಟು ನಾನು ಎದ್ದು ನಿಂತುಬಿಟ್ಟಿದ್ದೆ, ಓಡುವುದಕ್ಕೆ. ಎಲ್ಲಿಗೆ ಎಂದು ಕೇಳಿದ್ದರೆ...

ಎಂಬತ್ತರ ದಶಕದ ಕೊನೆಯ ಮಾತು. ನಾನು ಹೊನ್ನಾಳಿಯವನು, ದಾವಣಗೆರೆಯಲ್ಲಿ ಬಿ.ಎಸ್ಸಿ. ಮುಗಿಸಿ ಖಾಲಿ ಕುಳಿತಿದ್ದೆ. ಚನ್ನಗಿರಿ ಕಡೆಯ ಕಾಡಿನಲ್ಲಿ ಮರ ಅಳೆಯುವ ತಾತ್ಕಾಲಿಕ ಕೆಲಸವಿದೆ ಎಂದು ತಿಳಿದು ಹೋದೆ. ಅರಣ್ಯದವರ ಹಳೆಯ ಬಂಗಲೆಯ ಒಂದು ಕೋಣೆಯಲ್ಲಿ ಕಂಪ್ಯೂಟರ್ ಇತ್ತು. ಅದರ ಮುಂದೆ ದಪ್ಪ ಕನ್ನಡಕ ಹಾಕಿಕೊಂಡು, ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ತೊಟ್ಟ ಹೆಂಗಸೊಬ್ಬರು ಕುಳಿತಿದ್ದರು. ಬೆಂಗಳೂರಿನಿಂದ ಸಂಶೋಧನೆಗೆ ಬಂದವರು. ಅವರೇ ಮೇಡಂ. ನಾನು ಕಂಪ್ಯೂಟರ್ ಕಂಡಿದ್ದು ಅದೇ ಮೊದಲು. ಅಂಥ ಬೂಟು ತೊಟ್ಟ ಹೆಂಗಸನ್ನು ಕಂಡಿದ್ದೂ ಅದೇ ಮೊದಲು.

ಕಾಡನ್ನು ಪರದೆಯ ಮೇಲೆ ಬಿಡಿಸುವ ಪ್ರೋಗ್ರಾಂ ಒಂದನ್ನು ಮೇಡಂ ತಾವೇ ಬರೆದಿದ್ದರು. ಗುಡ್ಡದ ಒಂದು ಭಾಗವನ್ನು ಚೌಕ ಚೌಕವಾಗಿ ತಾಕುಗಳನ್ನಾಗಿ ಗುರುತಿಸಿ, ಪ್ರತಿ ಮರಕ್ಕೂ ಬಿಳಿ ಬಣ್ಣದಲ್ಲಿ ನಂಬರ್ ಬರೆಸಿದ್ದರು. ಮರದ ಜಾತಿ, ಸುತ್ತಳತೆ, ಎತ್ತರ, ನೆತ್ತಿಯ ಹರವು, ಇಷ್ಟನ್ನು ನಾವು ಅಳೆದು ತಂದು ತುಂಬಿದರೆ ಕಪ್ಪು ಪರದೆಯ ಮೇಲೆ ಹಸಿರು ಗೆರೆಗಳಲ್ಲಿ ಆ ತಾಕು ನಿಧಾನವಾಗಿ ಮೂಡುತ್ತಿತ್ತು. ಗೆರೆಯೆಂದರೆ ಕಾಂಡ, ಮೇಲಿನ ಕೊಡೆ ನೆತ್ತಿ. ಆಮೇಲೆ ಯಾವ ಮರ ತೆಗೆಯಬೇಕು, ಎಲ್ಲಿ ಲಂಟಾನದ ಪೊದೆ ಸವರಬೇಕು ಎಂದು ಹೇಳಿದರೆ, ಹಾಗೆ ಮಾಡಿದ ಮೇಲಿನ ಕಾಡು ಕಾಣುತ್ತಿತ್ತು. ಹತ್ತು ವರ್ಷದ ಆಚೆಗಿನದೂ ಕಾಣುತ್ತಿತ್ತು. ಇದೆಲ್ಲ ಏಕೆ ಎಂದು ಕೇಳಿದಾಗ ಅವರು ಹೇಳಿದ್ದಿಷ್ಟೇ: "ಕಡಿದ ಮರಾನ ತಿರುಗಿ ಅಂಟಿಸೋಕೆ ಆಗಲ್ಲ ನೋಡಿ. ಅದಕ್ಕೆ ಮೊದಲೇ ನೋಡ್ಕೊಂಡ್ಬಿಡೋಣ ಅಂತ."

ನಮ್ಮ ಜೊತೆ ಬಸವಾಪಟ್ಟಣದ ಕಡೆಯ ಫಾರೆಸ್ಟ್ ವಾಚರ್ ಒಬ್ಬರಿದ್ದರು. ಅವರ ಪಾಲಿಗೆ ಕಂಪ್ಯೂಟರ್ ಎಂದರೆ ಟೀವಿ.

"ಏನ್ರೀ ಮೇಡಮ್ಮಾರೆ, ಇಷ್ಟ್ ಖರ್ಚು ಮಾಡಿ ಟೀವಿ ತಂದೀರಿ, ಒಂದು ಹಾಡಾದ್ರೂ ಬರಂಗಿಲ್ವಾ ಇದ್ರಾಗೆ?"

"ಚಿತ್ರ ನಾನು ತೋರಿಸ್ತೀನಿ, ಹಾಡು ನೀವು ಹೇಳಿ."

ವಾಚರ್ ನಿಜವಾಗಿಯೂ ಹಾಡುತ್ತಿದ್ದರು. ನನ್ನನ್ನು ಕರೆಯುತ್ತಿದ್ದುದು "ಬಿಯಸ್ಸಿ ಸ್ವಾಮ್ಯಾರೆ" ಎಂದು.

ಮೇಡಂ ಅವರ ಒಂದು ಅಭ್ಯಾಸ ನನಗೆ ತಮಾಷೆಯಾಗಿ ಕಾಣುತ್ತಿತ್ತು. ಕರಕರ ಸದ್ದು ಮಾಡುವ ಪ್ರಿಂಟರಿನಲ್ಲಿ ತಾಕುಗಳ ಚಿತ್ರ ತೆಗೆದು ಗೋಡೆಗೆ ಅಂಟಿಸುತ್ತಿದ್ದರು. ಅವುಗಳಲ್ಲಿ ಕೆಲವಕ್ಕೆ ಮಾತ್ರ ಹಸಿರು ಪೆನ್ಸಿಲ್ಲಿನಿಂದ ಬಣ್ಣ ಹಚ್ಚುತ್ತಿದ್ದರು, ಡ್ರಾಯಿಂಗ್ ಕ್ಲಾಸಿನ ಮಕ್ಕಳ ಹಾಗೆ ಮೈಬಗ್ಗಿಸಿ. ಕಾಡಿನಲ್ಲಿ ಕೆಲಸ ನಿಜಕ್ಕೂ ಮುಗಿದ ತಾಕಿಗಷ್ಟೇ ಬಣ್ಣ. ಪರದೆಯ ಮೇಲೆ ಮಾತ್ರ ಆಗಿರುವುದಕ್ಕೆ ಇಲ್ಲ. ನಾನು ನಕ್ಕಿದ್ದಕ್ಕೆ, "ಮಾಡಿದ್ದು ಯಾವುದು, ಅಂದ್ಕೊಂಡಿದ್ದು ಯಾವುದು ಅಂತ ನನಗೇ ಮರೆತು ಹೋಗಬಾರದಲ್ಲ" ಎಂದರು.

ಮೂರನೇ ತಾಕಿಗೆ ಹಸಿರು ಹಚ್ಚಿಯಾಗಿತ್ತು. ಅಲ್ಲಿ ಮರಗಳನ್ನು ಅಂತರ ಬಿಟ್ಟು ತೆಳುಗೊಳಿಸಿ, ಪೊದೆ ಸವರಿ, ಕಡಿದದ್ದನ್ನೆಲ್ಲ ಹೊರಗೆ ಸಾಗಿಸಲಾಗಿತ್ತು. ಐದನೇ ತಾಕಿನ ಮರ ತೆಗೆಯಲು ಮೇಲಿನವರ ಅಪ್ಪಣೆ ಇನ್ನೂ ಬಂದಿರಲಿಲ್ಲ. ಆದರೆ ಪರದೆಯ ಮೇಲೆ ಅದನ್ನು ತೆಳುಗೊಳಿಸಿದವನು ನಾನೇ. ಮಧ್ಯೆ ಮಧ್ಯೆ ಕರೆಂಟು ಹೋಗಿ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿ, ಒಂದೊಂದೇ ಮರ ಅಳಿಸಿದ್ದೆ. ಆ ಚಿತ್ರ ನನ್ನ ಮೇಜಿನ ಎದುರಿಗೇ ಇತ್ತು. ಕಂಬಗಳ ಹಜಾರದ ಹಾಗೆ ಬಯಲು ಬಯಲಾಗಿತ್ತು...

ಬೆಂಕಿಯ ವಾಸನೆ ಬಂದಾಗ ನಾವು ನಾಲ್ಕನೇ ತಾಕಿನಲ್ಲಿದ್ದೆವು. ಬೇಸಿಗೆ, ಎಲ್ಲೆಲ್ಲೂ ಒಣಗಿದ ತೇಗದೆಲೆ. ಯಾರ ಬೀಡಿಯೋ ಏನೋ, ಕೊನೆಗೂ ಗೊತ್ತಾಗಲಿಲ್ಲ. ವಾಚರ್ ರಸ್ತೆಯ ಕಡೆ ನಾಲ್ಕು ಹೆಜ್ಜೆ ಇಳಿದವರು ಓಡುತ್ತಾ ತಿರುಗಿ ಬಂದರು.

"ಕೆಳಗೆ ಹೋಗಾಕೆ ಆಗಂಗಿಲ್ರೀ! ರಸ್ತೆಗಂಟ ಹತ್ಕೊಂಡೈತೆ!"

ಮುಂದೆ ಯೋಚಿಸಿದ್ದು ನನ್ನ ತಲೆಯಲ್ಲ, ಕಾಲುಗಳು. ಐದನೇ ತಾಕು ಪಕ್ಕದಲ್ಲೇ ಇತ್ತು, ಆ ಕಡೆ ಹೊಗೆಯೂ ಇರಲಿಲ್ಲ. ಅದು ಬಯಲು, ಅಲ್ಲಿ ಬೆಂಕಿ ಹಿಡಿಯಲು ಏನೂ ಇಲ್ಲ ಎಂದು ನನಗೆ ಖಂಡಿತವಾಗಿ ಗೊತ್ತಿತ್ತು. ನೋಡಿದ್ದೆನಲ್ಲ! "ಐದಕ್ಕೆ ಬನ್ನಿ, ಐದು ಬಯಲಿದೆ" ಎಂದು ಕೂಗಿ, ಭಾರವಾಗಿದ್ದ ಚೀಲವನ್ನು ಆ ದಿಕ್ಕಿಗೇ ಎಸೆದು ಓಡಿದೆ. ವಾಚರ್ ನನ್ನ ಹಿಂದೆ ಬಂದರು. ಓದಿದವನು ಹೇಳಿದ್ದಾನೆ ಎಂದು ನಂಬಿ ಬಂದರು.

ಹಿಂದಿನಿಂದ ಮೇಡಂ ನನ್ನ ಅಂಗಿಯ ಕಾಲರ್ ಹಿಡಿದು ಜಗ್ಗಿದರು. ಗುಂಡಿ ಕಿತ್ತು ಹೋಯಿತು.

"ಅದು ಕಂಪ್ಯೂಟರಲ್ಲಿ ಬಯಲು ಕಣ್ರೀ! ಕಂಪ್ಯೂಟರಲ್ಲಿ ಮಾತ್ರ!"

ನನಗೆ ಅರ್ಥವಾಗಲಿಲ್ಲ. ಮೇಡಂ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆಗೆ ತಿರುಗಿಸಿದರು. "ನೋಡಿ. ಕಣ್ಣು ಬಿಟ್ಟು ನೋಡಿ." ಆಗ ಕಂಡಿತು. ನನ್ನೆದುರಿಗೆ ಆಳೆತ್ತರ ಮೀರಿದ ಒಣ ಲಂಟಾನ, ಗೋಡೆಯ ಹಾಗೆ ಒತ್ತಾಗಿ ನಿಂತಿತ್ತು. ಅಲ್ಲಿಯವರೆಗೆ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

"ಮೂರಕ್ಕೆ ಹೋಗೋಣ" ಎಂದರು.

ಮೂರನೇ ತಾಕು ಇದ್ದದ್ದು ಹೊಗೆ ಬರುತ್ತಿದ್ದ ದಿಕ್ಕಿನಲ್ಲಿ.

"ಬೆಂಕಿ ಬಾಯಿಗೇ ಹೋಗಾಣ ಅಂತೀರಾ ಮೇಡಮ್ಮಾರೆ?" ಎಂದರು ವಾಚರ್.

"ಬೆಂಕಿಗಿಂತ ಮುಂಚೆ ಅಲ್ಲಿರಬೇಕು. ಬನ್ನಿ."

ಒಬ್ಬರ ಕೈ ಒಬ್ಬರು ಹಿಡಿದು ಹೊಗೆಯೊಳಗೆ ನಡೆದೆವು. ಮಾರು ದೂರ ಕಾಣುತ್ತಿರಲಿಲ್ಲ. ಕೈಗೆ ಸಿಕ್ಕ ಮರದ ನಂಬರನ್ನು ನಾನು ಕಣ್ಣು ಕಿರಿದು ಮಾಡಿ ಓದುತ್ತಿದ್ದೆ. ಮೇಡಂ ಕೆಮ್ಮುತ್ತಲೇ, "ಅದು ಕವಲು ಮತ್ತಿ, ಎಡಕ್ಕೆ ಬನ್ನಿ", "ಅದು ಜೋಡಿ ತೇಗ, ಇನ್ನು ಹತ್ರ" ಎನ್ನುತ್ತಿದ್ದರು. ಪ್ರತಿ ಮರವನ್ನೂ ಅವರು ಪರದೆಯ ಮೇಲೆ ಬಿಡಿಸಿದ್ದರು, ನಿಜ. ಆದರೆ ಬಿಡಿಸಿದ ಮೇಲೆ ಆ ಚಿತ್ರದ ಹಾಳೆ ಹಿಡಿದು ಪ್ರತಿ ತಾಕಿಗೂ ಹೋಗಿ, ಮರದ ಬುಡದಲ್ಲಿ ನಿಂತು ತಾಳೆ ನೋಡುತ್ತಿದ್ದರು. ಬಿಸಿಲಿನಲ್ಲಿ ಅದೊಂದು ಕಾಟ ಎಂದು ನಾನು ಗೊಣಗಿದ್ದುಂಟು.

ಮೂರನೇ ತಾಕಿನ ನಡುವೆ ಹೊಸದಾಗಿ ಉದುರಿದ್ದ ಎಲೆಯನ್ನು ಕಾಲಿನಿಂದ, ಕೈಯಿಂದ ಬಳಿದು ದೂರ ಸರಿಸಿ ನೆಲ ಬರಿದು ಮಾಡಿದೆವು. ಕುಡಿಯುವ ನೀರಿನಲ್ಲಿ ಟವೆಲ್, ಸೆರಗು ತೋಯಿಸಿ ಮುಖಕ್ಕೆ ಒತ್ತಿಕೊಂಡು ಮಕಾಡೆ ಮಲಗಿದೆವು. ಬೆಂಕಿ ಬಂತು. ತೆಳುವಾದ ಕಾಡಿನೊಳಗೆ ಅದು ಮೊಣಕಾಲೆತ್ತರಕ್ಕೆ ಕುಗ್ಗಿ, ನಮ್ಮ ಎರಡೂ ಪಕ್ಕದಿಂದ ಹಾದು ಮುಂದೆ ಹೋಯಿತು. ಬೆನ್ನಿನ ಮೇಲೆ ಅಂಗಿ ಕಾದ ಹಂಚಿನಂತಾಗಿತ್ತು. ಸ್ವಲ್ಪ ಹೊತ್ತಿಗೆ ಐದನೇ ತಾಕು ಹತ್ತಿಕೊಂಡ ಸದ್ದು ಕೇಳಿಸಿತು. ಪಟಾಕಿ ಸರಕ್ಕೆ ಕಿಡಿ ತಾಗಿದ ಹಾಗೆ ಶುರುವಾಗಿ, ಆಮೇಲೆ ದೊಡ್ಡದೊಂದು ಉಸಿರಿನ ಹಾಗೆ... ಆ ಸದ್ದನ್ನು ಇವತ್ತಿಗೂ ಸರಿಯಾಗಿ ವರ್ಣಿಸಲಾರೆ.

ಮರುದಿನ ನನ್ನ ಚೀಲ ಹುಡುಕಲು ಹೋದೆವು. ಸಿಕ್ಕಿದ್ದು ಹಿತ್ತಾಳೆಯ ಬಕಲ್ ಒಂದೇ. ವಾಚರ್ ಅದನ್ನು ಬೂದಿಯಿಂದ ಎತ್ತಿ, ಒರೆಸಿ ನನ್ನ ಕೈಗಿಟ್ಟರು.

ಅಂದಿನಿಂದ ನಿದ್ದೆ ಹೋಯಿತು. ಕಣ್ಣು ಹತ್ತಿದರೆ ಅದೇ ಕನಸು. ನಾನು ಐದನೇ ತಾಕಿಗೆ ಓಡುತ್ತಿರುತ್ತೇನೆ, ಅದು ಪ್ರತಿ ಸಲವೂ ಬಯಲಾಗಿಯೇ ಇರುತ್ತದೆ, ಪ್ರತಿ ಸಲವೂ ನಾನು ನಂಬಿ ಒಳಗೆ ಹೋಗುತ್ತೇನೆ. ವಾಚರ್ ಪಾಡೂ ಅಷ್ಟೇ. "ಮನಿಯಾಕೆ ಬೈತಾಳ್ರೀ, ರಾತ್ರಿಯೆಲ್ಲ ಒದ್ದಾಡ್ತೀಯ, ಹೊರಗೆ ಮಲಿಕ್ಕ ಹೋಗು ಅಂತಾಳೆ" ಎಂದು ನಗಲು ನೋಡುತ್ತಿದ್ದರು.

ಮೇಡಂ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮೊದಲ ಮಳೆ ಬಿದ್ದ ಮೇಲೆ ನಮ್ಮಿಬ್ಬರನ್ನೂ ಐದನೇ ತಾಕಿಗೆ ಕರೆದುಕೊಂಡು ಹೋದರು. ನನ್ನ ಕಾಲು ಬರಲಿಲ್ಲ. ಅವರು ಅಂಚಿನಲ್ಲಿ ನಿಂತು ಕಾಯುತ್ತಿದ್ದರು, ಬಸ್ಸಿಗೆ ಕಾಯುವವರ ಹಾಗೆ. ಆಮೇಲೆ ಒಳಗೆ ಹೋಗಿ ಉಳಿದ ಮರಗಳನ್ನು ಅಳೆದೆವು. ಸುಟ್ಟ ಬೊಡ್ಡೆಗಳ ಲೆಕ್ಕ ಹಿಡಿದೆವು. ಕೆಲವು ತೇಗದ ಬುಡದಲ್ಲಿ ಆಗಲೇ ಚಿಗುರಿತ್ತು.

ಬಂಗಲೆಗೆ ಬಂದು ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟರು. "ನಿಮ್ಮ ತಲೇಲಿರೋ ಐದನೇ ತಾಕು ಅಲ್ಲಿ ಯಾವತ್ತೂ ಇರಲಿಲ್ಲ. ಇರೋದನ್ನ ಬಿಡಿಸಿ." ಸಂಜೆಯವರೆಗೆ ತುಂಬಿದೆ. ಬಯಲು ಹೋಗಿ ಮೊಂಡು ಗೆರೆಗಳು ಮೂಡಿದವು. ಹಳೆಯ ಚಿತ್ರವನ್ನು ಗೋಡೆಯಿಂದ ಕಿತ್ತು, ಹೊಸದನ್ನು ಅಂಟಿಸಿ, ಅವರು ಹಸಿರು ಪೆನ್ಸಿಲ್ಲನ್ನು ನನ್ನ ಕೈಗೆ ಕೊಟ್ಟರು. ಚಿಗುರಿದ ಬುಡಗಳಿಗಷ್ಟೇ ಹಚ್ಚಿದೆ.

ಮೇಡಂ ತೀರಿಕೊಂಡ ಸುದ್ದಿ ಹೋದ ತಿಂಗಳು ಬಂತು. ಆ ಪ್ರೋಗ್ರಾಂ ತುಂಬಿದ ಒಂದು ಫ್ಲಾಪಿ ನನ್ನ ಹತ್ತಿರ ಉಳಿದಿದೆ, ಬೂಷ್ಟು ಹಿಡಿದಿದೆ. ಅದನ್ನು ತೆರೆಯುವ ಯಂತ್ರ ಈಗ ಎಲ್ಲೂ ಇಲ್ಲ. ಕಾಡು ಬಿಡಿಸುವ ಆ ಪ್ರೋಗ್ರಾಂ ಅವರ ಜೊತೆಗೇ ಹೋಯಿತು. ಮೊನ್ನೆ ಎಲೆಹೊಗೆಯ ನಡುವೆ ಎದ್ದು ನಿಂತಾಗ, ನನ್ನ ಕೈ ತಾನಾಗಿ ಕಾಲರ್ ಮುಟ್ಟಿಕೊಂಡಿತು. ಜಗ್ಗುವವರು ಯಾರೂ ಇರಲಿಲ್ಲ...

ಆ ಬಣ್ಣ ಹಚ್ಚಿದ ದಿನ ರಾತ್ರಿ ನಾನು ಬಂಗಲೆಯ ಜಗುಲಿಯಲ್ಲೇ ಮಲಗಿದ್ದೆ. ಎಚ್ಚರವಾದಾಗ ಬಿಸಿಲು ಮುಖಕ್ಕೆ ಬಂದಿತ್ತು. ವಾಚರ್ ನನ್ನ ತಲೆಯ ಹತ್ತಿರ ಚಹಾ ಹಿಡಿದು ನಿಂತಿದ್ದರು.

"ಏಳ್ರೀ ಬಿಯಸ್ಸಿ ಸ್ವಾಮ್ಯಾರೆ, ಮೇಡಮ್ಮಾರು ಎರಡು ಸಲ ಬಂದು ನೋಡಿ ಹೋದ್ರು. ಎಬ್ಬಿಸಬ್ಯಾಡ, ಮಲಗ್ಲಿ ಅಂದ್ರು."