ಕೆಂಪು ದಾರದ ಗಂಟು

ಮಗ್ಗದ ಮಾಸ್ತರು ಏಣಿಯಿಂದ ಜಾರಿ ಸತ್ತರು ಎಂದು ವಡಗಾವಿಯ ನಮ್ಮ ಓಣಿಯಲ್ಲಿ ಇಂದಿಗೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಅವರನ್ನು ಏಣಿ ಹತ್ತಿಸಿದವಳು ನಾನು.

ಅವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು, ಉಗುರೇ ಇರಲಿಲ್ಲ. ಮೂವತ್ತು ವರ್ಷ ರಟ್ಟಿಗೆ ತೂತು ಹೊಡೆದ ಬೆರಳದು. ಜಕಾರ್ಡ್ ಮಗ್ಗಕ್ಕೆ ಯಾವ ಎಳೆ ಏಳಬೇಕೆಂದು ಹೇಳುವುದು ಆ ತೂತುಗಳೇ. ಒಂದು ಸೀರೆಯ ಅಂಚಿಗೆ ನೂರಾರು ರಟ್ಟು. ಅವನ್ನು ದಾರದಲ್ಲಿ ಪೋಣಿಸಿದರೆ ಒಂದು ಗಂಟು. ಮಗ್ಗದ ಮೇಲಿನ ತೊಲೆಗೆ ಅಂಥ ಗಂಟುಗಳು ಬಾವಲಿಯ ಹಾಗೆ ತೂಗುತ್ತಿದ್ದವು. ನಾನು ಕೆಳಗೆ ಕುಳಿತು ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದೆ.

ವರ್ಷವಿಡೀ ಯಾರೂ ಕೇಳದ ಗಂಟಿಗೆ ಮಾಸ್ತರು ಕೆಂಪು ದಾರ ಕಟ್ಟುತ್ತಿದ್ದರು. ಮುಂದಿನ ಅಮಾವಾಸ್ಯೆಯವರೆಗೆ ನೇಕಾರರ ಮನೆಮನೆಗೆ ಹೋಗಿ ಕೇಳುವರು. ಯಾರಿಗೂ ಬೇಡವಾದರೆ ಅದರಿಂದ ಗೇಣುದ್ದ ಬಟ್ಟೆ ನೇಯಿಸಿ ಗುರುತಿಗೆ ಇಟ್ಟುಕೊಂಡು, ರಟ್ಟನ್ನು ಒಲೆಗೆ ಹಾಕುವರು.

"ನೇಯಲಾರದ್ದು ಮ್ಯಾಲ ತೂಗಬಾರದು ತಂಗೀ. ಅವಸರದಾಗ ಯಾರರೆ ಅದನ್ನ ಮಗ್ಗಕ್ಕ ಏರಸ್ತಾರ" ಎನ್ನುತ್ತಿದ್ದರು. ಹಾಗೆ ಒಮ್ಮೆ ಆಗಿಯೂ ಇತ್ತು. ಮದುವೆ ಸೀರೆಗೆ ಮೊಳದುದ್ದ ಬೇರೆಯೇ ಅಂಚು ಬಂದಿತ್ತು.

"ಮಾಸ್ತರ್ರ, ನನಗೂ ಒಂದಿನ ಕೆಂಪು ದಾರ ಕಟ್ಟತೀರೇನು?" ಎಂದು ಮಗ್ಗದ ಸಾವಕಾರರು ಕೆಣಕಿದರೆ, "ಮನ್ಯಾಗ ನಿಮ್ಮನ್ನ ಕೇಳವ್ರು ಇನ್ನೂ ಅದಾರಲ್ರೀ. ಅಮಾಸಿ ತನಾ ನೋಡೂಣು" ಎನ್ನುವರು.

ಒಂದು ಗಂಟು ಮಾತ್ರ ಉಳಿದಿತ್ತು. ಅದರ ಅಂಚಿನ ನಮೂನೆ ತೀರಿಹೋದ ನನ್ನ ಗಂಡ ಬರೆದದ್ದು. ಅವನ ನಂತರ ಆ ಸೀರೆ ಯಾರೂ ಕೇಳಲಿಲ್ಲ. ಮಾಸ್ತರು ಮೂರು ವರ್ಷ ಕೆಂಪು ದಾರ ಕಟ್ಟಿದರು; ಮೂರು ವರ್ಷವೂ ನಾನು ಬಿಚ್ಚಿದೆ.

"ನಿನ್ನ ಗಂಡ ರಟ್ಟಿನ್ಯಾಗ ಇಲ್ಲ ತಂಗೀ."

"ನಿಮ್ಮ ಹೇಂತಿ ಗಟ್ಟಿ ಅದಾಳ. ನಿಮಗೇನ್ ಗೊತ್ತಾಗತೈತ್ರಿ?" ಎಂದೆ. ಅವರು ಗಂಟನ್ನು ಮತ್ತೆ ತೂಗುಹಾಕಿದರು.

ಆ ಶ್ರಾವಣದಲ್ಲಿ ಹಂಚು ಒಡೆದು ಮಳೆನೀರು ನೇರ ಅದರ ಮೇಲೆಯೇ ಸೋರತೊಡಗಿತು. ನಾನು ಕುಳಿತಲ್ಲಿಂದಲೇ ಕೂಗಿದೆ: "ಮಾಸ್ತರ್ರೀ, ನನ್ನ ಗಂಟು ತೊಯ್ಯಾಕತ್ತೈತಿ. ಒಂಚೂರು ಬಾಜೂಕ ಸರಸ್ರೀ."

ಮಾಸ್ತರು ಒದ್ದೆ ಕಾಲಲ್ಲೇ ಏಣಿ ಹತ್ತಿದರು. ಗಂಟಿಗೆ ಕೈ ಹಾಕಿ, "ಭಾರ ಆಗೇತಿ ತಂಗೀ, ನೀರು ಕುಡದೈತಿ" ಎಂದರು. ಅಷ್ಟೇ. ಕಾಲು ಜಾರಿ ಬಿದ್ದಾಗ ತಲೆ ಮಗ್ಗದ ಕಬ್ಬಿಣಕ್ಕೆ ಬಡಿಯಿತು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು, ಕಣ್ಣು ತೆರೆಯಲಿಲ್ಲ. ಅವರ ಊರು ಖಾನಾಪುರದಲ್ಲೇ ಮಣ್ಣು ಮಾಡಿದರು. ಅವರ ಹೆಂಡತಿ ನನ್ನ ಕೈ ಹಿಡಿದು, "ನಿನ್ನನ್ನ ತಂಗೀ ಅಂತಿದ್ರು" ಎಂದಳು. ಏಣಿ ಹತ್ತಿಸಿದ್ದು ನಾನೆಂದು ನಾನು ಹೇಳಲಿಲ್ಲ. ಸಂಜೆಯ ಬಸ್ಸಿಗೆ ಮರಳಿ ಬಂದೆ.

ಮರುದಿನ ಬೆಳಿಗ್ಗೆ ಅದೇ ಏಣಿ ಹತ್ತಿ ಗಂಟು ಇಳಿಸಿದೆ. ಗೇಣುದ್ದವೂ ನೇಯಿಸಿ ಇಟ್ಟುಕೊಳ್ಳಲಿಲ್ಲ. ದಾರ ಕತ್ತರಿಸಿ ರಟ್ಟನ್ನೆಲ್ಲ ನೀರೊಲೆಗೆ ಹಾಕಿದೆ. ಒದ್ದೆಯಾಗಿದ್ದವು, ಹೊತ್ತಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಕಾದ ನೀರನ್ನು ತಲೆಗೆ ಎರೆದುಕೊಂಡು ಬಂದು ಕಂಡಿಕೆ ಸುತ್ತಲು ಕುಳಿತೆ.