ಅನಲ್ಮಾಯೆಯ ನೆರೆಮನೆಯವಳು

ಸುಡಾನಿನ ನೂರಿ ಊರಿನಲ್ಲಿ ನುಬಿಯಾದ ಹೆಸರಾಂತ ರಾಜರ ಪಿರಮಿಡ್ಡುಗಳು ಎಷ್ಟಿದ್ದರೇನು, ಸಿತ್ತನ್ನೂರ್ ಅಜ್ಜಿಗೆ ರಾಜನೆಂದರೆ ತನ್ನ ಹಿತ್ತಲಾಚೆಯ ಕುಸಿದ ಗೋರಿಯಲ್ಲಿ ಎರಡೂವರೆ ಸಾವಿರ ವರ್ಷಗಳಿಂದ ಮಲಗಿರುವ, ಯಾರೂ ಹೆಸರೆತ್ತದ ಅನಲ್ಮಾಯೆ ಒಬ್ಬನೇ. ಬೆಳಗಾದರೆ ತನ್ನ ಅಂಗಳ ಗುಡಿಸಿ, ಅದೇ ಖರ್ಜೂರದ ಗರಿಯ ಪೊರಕೆ ಹಿಡಿದು ಅವನ ಕಡೆಗೆ ನಡೆಯುತ್ತಾಳೆ. "ಏಳೋ ಸೋಮಾರಿ! ದೇಶ ಆಳಿದನಂತೆ, ಮೈಮೇಲಿನ ಮರಳು ಕೊಡವಿಕೊಳ್ಳೋಕೆ ಬರಲ್ಲ!" ಎಂದು ಗದರುತ್ತಾಳೆ. ಅವನ ಕಲ್ಲಿಗೆ ಮೈಯುಜ್ಜುವ ಮೇಕೆಗಳ ವಂಶಕ್ಕೇ ಶಾಪ ಹಾಕುತ್ತಾಳೆ. ನೋಡಲು ಬಂದವರು ದೊಡ್ಡ ಪಿರಮಿಡ್ಡಿನತ್ತ ಹೊರಟರೆ ಅಡ್ಡ ನಿಂತು, "ನಮ್ಮವನನ್ನ ಮಾತಾಡಿಸದೆ ಹೋಗ್ತೀರಾ?" ಎಂದು ಚಹಾ ಕುಡಿಸಿಯೇ ಬಿಡುತ್ತಾಳೆ. ಖಾರ್ತೂಮಿನ ಯುದ್ಧಕ್ಕೆ ಹೆದರಿ ಬಂದು ಸೇರಿದ ತಂಗಿಯ ಮಗಳು ಇಖ್ಲಾಸ್ ಒಂದು ದಿನ ನಕ್ಕಳು: "ದೊಡ್ಡಮ್ಮ, ಅವನು ನಮ್ಮ ಧರ್ಮದವನೂ ಅಲ್ಲ, ನಮ್ಮ ಕುಲದವನೂ ಅಲ್ಲ. ಅವನಿಗ್ಯಾಕೆ ಇಷ್ಟು ಚಾಕರಿ?" ಅಜ್ಜಿ ಗುಡಿಸುವುದನ್ನು ನಿಲ್ಲಿಸಲಿಲ್ಲ. "ನನ್ನ ಮಗ ಹಮದುನ್ನೀಲ್ ಚಿನ್ನ ಅಗೆಯೋಕೆ ಮರುಭೂಮಿಗೆ ಹೋದವನು ಅಲ್ಲೇ ಸತ್ತ. ಎಲ್ಲಿ ಮಣ್ಣು ಮಾಡಿದರೋ ಯಾರೂ ಹೇಳಲಿಲ್ಲ. ಈ ರಾಜನ ತಾಯಿಗೂ ಇಲ್ಲಿಗೆ ಬರೋಕೆ ಆಗಲ್ಲ. ಅವಳ ಮಗನನ್ನ ನಾನು ನೋಡ್ಕೋತೀನಿ. ನನ್ನ ಮಗನನ್ನ ಅಲ್ಲಿ ಯಾವಳೋ ಒಬ್ಬ ತಾಯಿ ನೋಡ್ಕೋತಿದಾಳೆ," ಎಂದಳು, ಒಂದಿಷ್ಟೂ ಅನುಮಾನವಿಲ್ಲದೆ.